ಹಲಸಿನ ಮೇಜು, ಸಿಲ್ವರ್ ಓಕ್ ಕಪಾಟು

ಕೊಡಗಿನಲ್ಲಿ ಮರಕ್ಕೆ ಬರವಿಲ್ಲ, ಒಣಗಿದ ಮರಕ್ಕೆ ಬರ. ಒಂದು ಊಟದ ಮೇಜು, ಅದಕ್ಕೆ ಬೆಂಚುಗಳು, ಬಟ್ಟೆಬರೆಗೊಂದು ಕಪಾಟು. ಇಷ್ಟನ್ನು ಅಂಗಡಿಯಿಂದ ತರದೆ ಮನೆಯಲ್ಲೇ ಮಾಡಿಸುತ್ತೇವೆ ಎಂದಾಗ ನಮಗೆ ಸಲಹೆ ಕೊಡದವರೇ ಇಲ್ಲ. ಎಲ್ಲರ ಪ್ರಶ್ನೆಯೂ ಒಂದೇ: ಯಾವ ಮರ? ಯಾವಾಗ ಕೊಯ್ದದ್ದು, ಎಲ್ಲಿ ಒಣಗಿಸಿದ್ದು ಎಂದು ಕೇಳಿದವರು ನಮ್ಮ ಆಚಾರಿ ಒಬ್ಬರೇ. ನಮ್ಮ ಸುಂಟಿಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಅದೇ ಮನೆ ಫೆಬ್ರವರಿ, ಮಾರ್ಚ್‌ನಲ್ಲಿ ತುಟಿ ಒಡೆಯುವಷ್ಟು ಒಣ. ಈ ಎರಡರ ನಡುವೆ ಮರ ವರ್ಷವರ್ಷವೂ ಉಬ್ಬಿ ಇಳಿಯುತ್ತದೆ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಉಬ್ಬು-ಇಳಿತಕ್ಕೆ ಸಂಬಂಧಿಸಿದ್ದೇ.

ನಮ್ಮ ಭಾವನದು ತೇಗದ ಪಕ್ಷ. ತೇಗದ ಮೇಲೆ ನನ್ನದೇನೂ ತಕರಾರಿಲ್ಲ. ಮರದೊಳಗೇ ಎಣ್ಣೆಯಂಶವಿದೆ, ಗೆದ್ದಲಿಗೆ ಹಿಡಿಸದ ಗುಣವಿದೆ, ಉಬ್ಬು-ಇಳಿತ ಕಡಿಮೆ. ತೂಕವೂ ಹದ, ಒಂದು ಘನ ಮೀಟರ್ ಒಣ ತೇಗ ಸುಮಾರು 650 ಕೆ.ಜಿ. ಆದರೆ ಈ ಒಳ್ಳೆಯತನವೆಲ್ಲ ಇರುವುದು ಕೆಚ್ಚಿನಲ್ಲಿ, ಎಂದರೆ ಮರದ ಒಳಗಿನ ಗಟ್ಟಿ ಭಾಗದಲ್ಲಿ. ಹೊರಸುತ್ತಿನ ಬಿಳಿ ಭಾಗಕ್ಕೆ ಹುಳ ಬೀಳುವುದರಲ್ಲಿ ತೇಗಕ್ಕೂ ಇನ್ನೊಂದು ಮರಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಎಳೆಯದರಲ್ಲೇ ಕಡಿದ ನೆಡುತೋಪಿನ ತೇಗದಲ್ಲಿ ಬಿಳಿಯೇ ಹೆಚ್ಚು. ನೋಡಲು ಹೋದ ಒಂದು ಅಂಗಡಿಯಲ್ಲಿ 'ಬರ್ಮಾ ತೇಗ' ಎಂದು ತೋರಿಸಿದ ಮಂಚದ ಅಡಿಗೆ ಕೈಹಾಕಿ ತಿರುಗಿಸಿದರೆ, ಬಿಳಿ ಭಾಗಕ್ಕೆ ಕಂದು ಬಣ್ಣ ಹಚ್ಚಿ ಕೆಚ್ಚಿಗೆ ಸರಿಹೊಂದಿಸಿದ್ದರು. ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು 2014ರಲ್ಲೇ ನಿಲ್ಲಿಸಿತು. ಈಗ ಬಂದರಿಗೆ ಬರುವ ತೇಗದಲ್ಲಿ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ನೆಡುತೋಪಿನ ಸರಕು ಸಾಕಷ್ಟಿದೆ. ಅದೂ ತೇಗವೇ, ಬರ್ಮಾದ ಬೆಲೆ ಕೊಡಬೇಕಾದ ತೇಗವಲ್ಲ ಅಷ್ಟೆ. ಕೊಳ್ಳುವವರು ಹಲಗೆಯ ಮೈ ನೋಡುವ ಮೊದಲು ಕತ್ತರಿಸಿದ ತುದಿ ನೋಡಬೇಕು. ಬಿಳಿ ಎಷ್ಟು, ಉಂಗುರಗಳ ನಡುವಿನ ಅಂತರ ಎಷ್ಟು ಎಂಬುದನ್ನು ತುದಿ ಮುಚ್ಚಿಡುವುದಿಲ್ಲ.

ಅತ್ತೆಯ ಮನಸ್ಸು ಬೀಟೆಯ ಮೇಲೆ. ಘನ ಮೀಟರಿಗೆ 850 ಕೆ.ಜಿ. ಆಸುಪಾಸು ತೂಗುವ, ನೇರಳೆ ಕಂದಿನ, ಕಪ್ಪು ಗೆರೆ ಹರಿದ ಮರ. ಅದರ ಎದುರು ಉಳಿದವು ಸಪ್ಪೆಯೇ, ಒಪ್ಪುತ್ತೇನೆ. ಆದರೆ ಅದು ಬೆಳೆಯುವುದು ಬಹಳ ನಿಧಾನ. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಹೆಚ್ಚುಕಡಿಮೆ ಎಲ್ಲ ಮರಗಳೂ 2017ರಿಂದ, ಅಳಿವಿನ ಭೀತಿಯ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಎಂದರೆ ದೇಶದಾಚೆ ಸಾಗಿಸಲು ಪರವಾನಗಿ ಬೇಕು. ಮನೆ ಬಳಕೆಗೆ ಸೈಟಿಸ್ ಅಡ್ಡ ಬರುವುದಿಲ್ಲ. ಇಲ್ಲಿ ಅಡ್ಡ ಬರುವುದು ಕೊಡಗಿನದೇ ಕಟ್ಟಳೆ: ಜಮೀನು ರಿಡೀಮ್ಡೋ ಅನ್‌ರಿಡೀಮ್ಡೋ ಎಂಬುದು. ಮರದ ಬೆಲೆಯನ್ನು ಹಿಂದೆಯೇ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಜಮೀನಿನಲ್ಲಿ ಮರ ನಮ್ಮದು. ಕಟ್ಟದೇ ಉಳಿದದ್ದರಲ್ಲಿ ನೆಲ ನಮ್ಮದು, ಮರದ ಮೇಲಿನ ಹಕ್ಕು ಸರ್ಕಾರದ್ದು. ತಾತ ನೆಟ್ಟದ್ದು, ತಂದೆ ನೀರು ಹಾಕಿದ್ದು ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಹೊಸ ಬೀಟೆಯ ಮಾತನ್ನು ಅಲ್ಲಿಗೇ ಬಿಟ್ಟೆವು. ಅಟ್ಟದಲ್ಲಿ ಕಾಲು ಮುರಿದು ಬಿದ್ದಿದ್ದ ಹಳೆಯ ಬೀಟೆ ಮಂಚ ಒಂದಿತ್ತು. ಅದರ ಅಡ್ಡಪಟ್ಟಿ, ಕಂಬಗಳಲ್ಲಿ ಮೇಜಿನ ಕಾಲಿಗೆ ಸಾಕಾಗುವಷ್ಟು ಮರ ಸಿಕ್ಕಿತು. ಎಷ್ಟೋ ಮಳೆಗಾಲ ಕಂಡ ಮರ ಇನ್ನು ಹೊಸದಾಗಿ ಏನೂ ತಿರುಚುವುದಿಲ್ಲ. ಕೊಯ್ಯುವ ಮೊದಲು ಉದ್ದಕ್ಕೂ ಅಯಸ್ಕಾಂತ ಆಡಿಸಿ ಒಳಗೆ ಮುರಿದು ಉಳಿದ ಮೊಳೆಗಳನ್ನು ಹುಡುಕಿ ತೆಗೆಸಿದ್ದು ಆಚಾರಿಯ ಮುಂಜಾಗ್ರತೆ. ಒಂದು ಮೊಳೆ ತಗುಲಿದರೆ ಮೆಷಿನ್ನಿನ ಬ್ಲೇಡು ಹೋಯಿತು ಎಂದೇ ಲೆಕ್ಕ.

ಉಳಿದ ಮರಗಳನ್ನು ಬೇಗ ಮುಗಿಸುತ್ತೇನೆ. ಮತ್ತಿ ಗಟ್ಟಿ, ಆದರೆ ಒಣಗುವಾಗ ಸೀಳು ಬಿಡುತ್ತದೆ, ಬಾಗಿಲ ಚೌಕಟ್ಟಿಗೆ ಸರಿ. ನಂದಿಯದೂ ಹೆಚ್ಚುಕಡಿಮೆ ಅದೇ ಪಾಡು. ಹೆಬ್ಬಲಸು ನೀರಿಗೆ ಹೆದರದ ಮರ, ಕೇರಳದ ಕಡೆ ದೋಣಿಗೂ ಹೋಗುತ್ತದೆ. ಹೊನ್ನೆ ನನಗೆ ಬಹಳ ಇಷ್ಟವಾಗಿತ್ತು, ಹೊಂಬಣ್ಣದ ಮರ. ಆದರೆ ಅದರ ಲೋಟದಲ್ಲಿ ನೀರಿಟ್ಟು ಕುಡಿಯುವವರಿಗೆ ಗೊತ್ತಿರುವ ಹಾಗೆ ಹೊನ್ನೆ ನೀರಿಗೆ ಬಣ್ಣ ಬಿಡುತ್ತದೆ. ಒದ್ದೆ ಬಟ್ಟೆ ಇಟ್ಟರೆ ಹಳದಿ ಕಲೆ. ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆ ಮಡಚಿಡುವ ನಮ್ಮಂಥ ಮನೆಯ ಕಪಾಟಿಗೆ ಅದು ಹೇಳಿಸಿದ್ದಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ಗಾಳಿ. ಬಾಣೆಯ (ಗದ್ದೆಗೆ ಹೊಂದಿಕೊಂಡ ಮರಗಳ ಜಾಗ) ಅಂಚಿನ ಹಲಸಿನ ಮರವೊಂದು ಆಟಿಯ, ಎಂದರೆ ಜುಲೈ–ಆಗಸ್ಟ್‌ನ, ಗಾಳಿಗೆ ಬೇರು ಸಮೇತ ಮಗುಚಿತು. ವೀಣೆ, ಮೃದಂಗ ಮಾಡುವವರು ಹಲಸನ್ನೇ ಹುಡುಕುತ್ತಾರೆ, ಒಮ್ಮೆ ಸರಿಯಾಗಿ ಒಣಗಿದ ಮೇಲೆ ಅದು ಆಕಾರ ಬಿಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೊಯ್ದಾಗ ಅರಿಶಿನದ ಬಣ್ಣ, ಬೆಳಕು ಕಂಡಂತೆ ಜೇನಿನ ಬಣ್ಣ, ವರ್ಷಗಳ ಮೇಲೆ ತಾಮ್ರಗಂದು. ಬಿದ್ದ ಮರವಾದರೂ ಕಾಗದ ಬೇಕು. ಆರ್‌ಟಿಸಿ ಹಿಡಿದು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಅರ್ಜಿ ಕೊಟ್ಟು, ಗಾರ್ಡ್ ಬಂದು ಅಳತೆ ಮಾಡಿ, ಅನುಮತಿ ಕೈಗೆ ಬಂದ ಮೇಲೆಯೇ ದಿಮ್ಮಿ ಸಾಮಿಲ್ಲಿಗೆ ಹೋಯಿತು. ಆ ಓಡಾಟದ ಕಥೆ ಎಲ್ಲ ತೋಟದವರಿಗೂ ಗೊತ್ತಿರುವುದೇ, ಬಿಡಿ.

ಸಾಮಿಲ್ಲಿನಲ್ಲಿ ನಡೆದದ್ದನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಮೇಜು ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅಲ್ಲೇ ಅರ್ಧ ನಿರ್ಧಾರವಾಗುತ್ತದೆ. ಮರ ಉದ್ದಕ್ಕೆ ಉಬ್ಬುವುದಿಲ್ಲ ಎನ್ನಬಹುದು, ಉಬ್ಬುವುದು ಅಗಲಕ್ಕೆ. ಅದರಲ್ಲೂ ಉಂಗುರ ಸುತ್ತುವ ದಿಕ್ಕಿಗೆ ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಅದರ ಅರ್ಧದಷ್ಟು. ದಿಮ್ಮಿಯನ್ನು ಮಲಗಿಸಿ ಬ್ರೆಡ್ಡಿನಂತೆ ಒಂದೇ ಸಮ ಸೀಳಿದರೆ ಹೆಚ್ಚಿನ ಹಲಗೆಗಳಲ್ಲಿ ಉಂಗುರ ಮಲಗಿರುತ್ತದೆ. ಅವು ಅಗಲಕ್ಕೆ ಜಾಸ್ತಿ ಉಬ್ಬುತ್ತವೆ, ಒಣಗುವಾಗ ದೋಣಿಯಾಗುತ್ತವೆ. ದಿಮ್ಮಿಯನ್ನು ಮೊದಲು ನಾಲ್ಕು ಪಾಲು ಮಾಡಿ ಆಮೇಲೆ ಸೀಳಿದರೆ ಉಂಗುರ ಹಲಗೆಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಅಂಥ ಹಲಗೆ ಸ್ಥಿರ. "ಹಾಗೆ ಕೊಯ್ದರೆ ವೇಸ್ಟ್ ಜಾಸ್ತಿ ಮೇಡಂ, ಹಲಗೆ ಅಗಲ ಬರಲ್ಲ" ಎಂದರು ಸಾಮಿಲ್ಲಿನವರು. ಎರಡೂ ನಿಜ. ಆಚಾರಿ ನಡುವೆ ಬಾಯಿ ಹಾಕಿದರು: "ಅಕ್ಕಾ, ಮೇಜಿನ ಮೇಲ್ಮೈಗೆ ಬೇಕಾದಷ್ಟನ್ನು ನಾಲ್ಕು ಪಾಲು ಮಾಡಿಯೇ ಕೊಯ್ಯಲಿ. ಬೆಂಚಿಗೆ ಸಾದಾ ಸೀಳು ಸಾಕು." ಹಾಗೇ ಆಯಿತು. ತಿರುಳು ಇರುವ ನಡುವಿನ ಹಲಗೆಯನ್ನು ಪೂರ್ತಿ ಬಿಟ್ಟೆವು, ಬಿರುಕು ಶುರುವಾಗುವುದು ಅಲ್ಲಿಂದಲೇ. ಮೇಲ್ಮೈಯ ಹಲಗೆಗಳು ಒಂದೂವರೆ ಇಂಚು ದಪ್ಪ. ಒಣಗಿ, ಕೀಸಿದ ಮೇಲೆ ಒಂದೂಕಾಲು ಉಳಿಯಲಿ ಎಂಬ ಲೆಕ್ಕ.

ಇನ್ನು ಒಣಗಿಸುವುದು. ಗಾಳಿಯಲ್ಲಿ ಒಣಗಿಸಿದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂದು ಹಳೆಯ ಲೆಕ್ಕ. ಊರಿಗೊಂದು ರೀತಿ ಏರುಪೇರಾದರೂ ಲೆಕ್ಕ ಕೆಟ್ಟದ್ದಲ್ಲ. ಕಾಫಿ ಕಣ ಖಾಲಿ ಇದೆಯಲ್ಲ, ಬಿಸಿಲಿಗೆ ಹಾಸಿಬಿಡಿ ಎಂದವರಿದ್ದರು. ಹಸಿ ಹಲಗೆಯನ್ನು ಬಿಸಿಲಿಗೆ ಹಾಕಿದರೆ ಹೊರಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ, ಆಮೇಲೆ ಸಿಡಿಯದೆ ಇನ್ನೇನು? ಹಲಗೆಗಳನ್ನು ಗೊಬ್ಬರದ ಶೆಡ್ಡಿನಲ್ಲಿ, ಎರಡು ಕಡೆ ಗಾಳಿ ಆಡುವ ಜಾಗದಲ್ಲಿ, ನೆಲದಿಂದ ಒಂದು ಅಡಿ ಮೇಲೆ ಜೋಡಿಸಿದೆವು. ಹಲಗೆ ಹಲಗೆಯ ನಡುವೆ ಒಂದಿಂಚಿನ ಒಣ ರೀಪು, ಎರಡು ಅಡಿಗೊಂದರಂತೆ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಹಲಗೆ ಭಾರಕ್ಕೆ ಬಾಗಿ ಅದೇ ಬಾಗಿನಲ್ಲಿ ಒಣಗುತ್ತದೆ. ತುದಿಗಳಿಗೆ ಉಳಿದ ಪೇಂಟು ಬಳಿದೆವು, ನೀರು ತುದಿಯಿಂದ ಎಲ್ಲಕ್ಕಿಂತ ಬೇಗ ಹೋಗುತ್ತದೆ, ಬೇಗ ಹೋದ ಕಡೆ ಬಿರುಕು. ಮಳೆ ಬಂದಾಗ ಟಾರ್ಪಲಿನಿಂದ ಸುತ್ತಿಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಸುತ್ತಿದರೆ ಒಳಗೇ ಹಬೆ ಕೂತು ಬೂಷ್ಟು. ಮೇಲೆ ಹೊದಿಸಿ ಪಕ್ಕ ತೆರೆದಿಟ್ಟರೆ ಸಾಕು. ಜುಲೈ, ಆಗಸ್ಟ್‌ನಲ್ಲಿ ಒಣಗುವುದು ನಿಂತೇ ಹೋಗುತ್ತದೆ, ಅದಕ್ಕೆ ಮಾಡುವಂಥದ್ದೇನಿಲ್ಲ.

ನಮ್ಮ ಕಡೆಯವರಿಗೆ ತೇವಾಂಶದ ಲೆಕ್ಕ ಹೊಸದಲ್ಲ. ಪಾರ್ಚ್‌ಮೆಂಟ್ ಕಾಫಿ (ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ) ಶೇ 10ಕ್ಕೆ ಇಳಿಯುವ ತನಕ ಚೀಲಕ್ಕೆ ತುಂಬುವುದಿಲ್ಲ, ಬೆರಳಲ್ಲಿ ಉಜ್ಜಿ, ಹಲ್ಲಲ್ಲಿ ಕಚ್ಚಿ, ಮೀಟರಿಟ್ಟು ನೋಡುತ್ತೇವೆ. ಅದೇ ಜನ ಮರದ ವಿಷಯಕ್ಕೆ ಬಂದರೆ 'ಒಣಗಿದೆ' ಎಂಬ ಮಾತನ್ನು ಕೇಳಿ ದುಡ್ಡು ಎಣಿಸುತ್ತೇವೆ. ಎರಡು ಮೊನೆ ಚುಚ್ಚಿ ನೋಡುವ ಮರದ ಮೀಟರ್ ಈಗ ದುಬಾರಿಯೇನಲ್ಲ. ಅದೂ ಬೇಡವೆಂದರೆ ಅಡುಗೆಮನೆಯ ತಕ್ಕಡಿ ಸಾಕು. ಹಲಗೆಯ ತುದಿಯಿಂದ ಒಂದು ಅಡಿ ಬಿಟ್ಟು ಒಳಗಿನಿಂದ ಒಂದು ತುಂಡು ಕೊಯ್ದು ತೂಗಿ, ಓವನ್ನಿನಲ್ಲಿ ನೂರು ಡಿಗ್ರಿ ಚಿಲ್ಲರೆಯ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟು ಮತ್ತೆ ತೂಗಬೇಕು. 240 ಗ್ರಾಂ ಇದ್ದದ್ದು 200ಕ್ಕೆ ನಿಂತರೆ, ಹೋದ 40 ಗ್ರಾಂ ನೀರನ್ನು ಒಣ ತೂಕ 200ಕ್ಕೆ ಭಾಗಿಸಿ, ತೇವಾಂಶ ಶೇ 20. ಅದು ಮೇಜಿಗೆ ಆಗದ ಮರ. ಶೇ 12ರ ಹತ್ತಿರ ಬಂದರೆ ನಮ್ಮ ಹವೆಗೆ ಸರಿ. ಇದಕ್ಕಿಂತ ತೀರಾ ಕಡಿಮೆ ಮಾಡುವುದರಲ್ಲೂ ಅರ್ಥವಿಲ್ಲ, ಮಳೆಗಾಲದಲ್ಲಿ ಕೊಡಗಿನ ಮನೆಯೊಳಗೆ ಮರ ಗಾಳಿಯಿಂದ ತಾನೇ ನೀರು ಹೀರಿ ಶೇ 17–18ಕ್ಕೆ ಏರುತ್ತದೆ. ಬೆಂಗಳೂರಿನಲ್ಲಿ ಚೆನ್ನಾಗಿದ್ದ ಮೇಜು ಮಡಿಕೇರಿಗೆ ಬಂದು ಎದೆಯುಬ್ಬಿಸಿ ನಿಂತಿತು ಎಂಬ ದೂರಿನ ಹಿಂದೆ ಇರುವುದು ಇಷ್ಟೇ.

ಈ ಏರಿಳಿತಕ್ಕೆ ಲೆಕ್ಕ ಹಾಕಿದರೆ ಮೂರು ಅಡಿ ಅಗಲದ ಮೇಲ್ಮೈ ಬೇಸಿಗೆಯಿಂದ ಮಳೆಗಾಲಕ್ಕೆ ಅರ್ಧ ಸೆಂಟಿಮೀಟರ್, ಉಂಗುರ ಮಲಗಿದ ಹಲಗೆಯಾದರೆ ಒಂದು ಸೆಂಟಿಮೀಟರ್ ತನಕ ಅಗಲವಾಗುತ್ತದೆ. ಆ ಬಲವನ್ನು ತಡೆಯುವ ಸ್ಕ್ರೂ ಇಲ್ಲ, ಅಂಟು ಇಲ್ಲ. ತಡೆಯಹೋದರೆ ಹಲಗೆಯೇ ಸೀಳುತ್ತದೆ. ಅದಕ್ಕೇ ನಮ್ಮ ಆಚಾರಿ ಮೇಲ್ಮೈಯನ್ನು ಕೆಳಗಿನ ಚೌಕಟ್ಟಿಗೆ ಅಂಟಿಸಲಿಲ್ಲ. ಚೌಕಟ್ಟಿನ ಒಳಬದಿಗೆ ಗಾಡಿ (ಉದ್ದನೆಯ ಕಾಲುವೆಯಂಥ ಕೊರೆತ) ತೆಗೆದು, ಅದರಲ್ಲಿ ನಾಲಿಗೆ ಆಡುವಂತೆ ಪುಟ್ಟ ಮರದ ತುಂಡುಗಳನ್ನು ಮಾಡಿ, ಆ ತುಂಡುಗಳನ್ನು ಮಾತ್ರ ಮೇಲ್ಮೈಗೆ ಸ್ಕ್ರೂ ಹಾಕಿದರು. ಹಲಗೆ ಉಬ್ಬಿದರೆ ನಾಲಿಗೆ ಗಾಡಿಯಲ್ಲಿ ಜರುಗುತ್ತದೆ. ಕಾಲು ಮತ್ತು ಚೌಕಟ್ಟು ಸೇರುವ ಕಡೆ ಉಳಿಯಲ್ಲಿ ತೂತು ಕೊರೆದು, ನಾಲಿಗೆ ಕೂರಿಸಿ, ಅಡ್ಡಕ್ಕೆ ಬಿದಿರ ಮೊಳೆ. ಕಬ್ಬಿಣದ ಮೊಳೆ ಬೇಡವೆಂದರು, ಒಗರಿನ ಅಂಶವಿರುವ ಮರಕ್ಕೆ ತೇವ ಮತ್ತು ಕಬ್ಬಿಣ ಸೇರಿದರೆ ಸುತ್ತ ಶಾಯಿ ಚೆಲ್ಲಿದ ಹಾಗೆ ಕಪ್ಪಾಗುತ್ತದೆ. ಸ್ಕ್ರೂ ಬೇಕಾದ ಕಡೆಯೆಲ್ಲ ಹಿತ್ತಾಳೆ.

ಕಪಾಟಿಗೆ ಸಿಲ್ವರ್ ಓಕ್ ಎಂದಾಗ ಭಾವ ನಕ್ಕರು. ಕಾಳುಮೆಣಸಿನ ಬಳ್ಳಿ ಹಬ್ಬಿಸಲು, ಪ್ಲೈವುಡ್ ಕಾರ್ಖಾನೆಗೆ ಮಾರಲು ಇರುವ ಮರ ಎಂದೇ ಅದಕ್ಕೆ ಇಲ್ಲಿ ಹೆಸರು. ಹೆಸರಿಗೆ ಓಕ್, ಜಾತಿಯಲ್ಲಿ ಓಕ್‌ಗೂ ಅದಕ್ಕೂ ನಂಟಿಲ್ಲ, ಪೂರ್ವ ಆಸ್ಟ್ರೇಲಿಯಾದಿಂದ ಕಾಫಿಗೆ ನೆರಳಾಗಿ ಬಂದದ್ದು. ಆದರೆ ನಾಲ್ಕು ಪಾಲು ಮಾಡಿ ಉಂಗುರ ನಿಲ್ಲುವಂತೆ ಕೊಯ್ದ ಸಿಲ್ವರ್ ಓಕ್ ಹಲಗೆಯನ್ನು ಒಮ್ಮೆ ಕೀಸಿ ನೋಡಿ. ಮೈತುಂಬ ಕಸೂತಿಯಂಥ ಹೊಳೆಯುವ ಚುಕ್ಕೆ. ಸಾದಾ ಸೀಳಿನಲ್ಲಿ ಅದು ಕಾಣುವುದೇ ಇಲ್ಲ, ಪ್ಲೈವುಡ್‌ಗೆ ಸುಲಿದಾಗಲಂತೂ ಇಲ್ಲವೇ ಇಲ್ಲ. ಇಷ್ಟು ಚೆಂದದ ಮರವನ್ನು ನಾವು ಟನ್ ಲೆಕ್ಕದಲ್ಲಿ ತೂಗಿ ಕಳಿಸುತ್ತೇವೆ ಎಂಬುದು ನನಗೆ ಈಗಲೂ ಹೊಟ್ಟೆಯುರಿ.

ಅದಕ್ಕೆ ಎರಡು ಕುಂದು. ಒಂದು, ಅದರ ಪುಡಿ ಕೆಲವರ ಮೈಗೆ ಆಗುವುದಿಲ್ಲ. ಆಚಾರಿಯ ಜೊತೆ ಬರುವ ಹುಡುಗನಿಗೆ ಮುಂಗೈ ತುಂಬ ಗಂಧೆ ಎದ್ದಿತು. ಆಮೇಲೆ ತುಂಬುತೋಳಿನ ಅಂಗಿ, ಮಾಸ್ಕ್, ಸಂಜೆ ಸೋಪಿನ ಸ್ನಾನ ಕಡ್ಡಾಯವಾಯಿತು. ಇನ್ನೊಂದು, ಮರ ಕೊರೆದು ಹಿಟ್ಟು ಮಾಡುವ ಕುಟ್ಟೆ ಹುಳ. ಹಸಿಯಲ್ಲೇ ಔಷಧ ಕೊಡದಿದ್ದರೆ ಒಂದೆರಡು ವರ್ಷದಲ್ಲಿ ಕಪಾಟಿನ ಕೆಳಗೆ ಹಿಟ್ಟು ಉದುರುತ್ತದೆ. ಬೋರಾಕ್ಸ್ ಮೂರು ಪಾಲು, ಬೋರಿಕ್ ಆಮ್ಲ ಎರಡು ಪಾಲು ಬಿಸಿನೀರಿನಲ್ಲಿ ಕರಗಿಸಿ, ಕೊಯ್ದ ಕೂಡಲೇ ಹಲಗೆಗಳನ್ನು ಅದರಲ್ಲಿ ಮುಳುಗಿಸಿ, ತೆಗೆದು ಒತ್ತಾಗಿ ಪೇರಿಸಿ ಕೆಲವು ದಿನ ಮುಚ್ಚಿಟ್ಟರೆ ಔಷಧ ನಿಧಾನಕ್ಕೆ ಒಳಗಿಳಿಯುತ್ತದೆ. ರೀಪು ಇಟ್ಟು ಒಣಗಿಸುವುದು ಆಮೇಲೆ. ಮಳೆ ಬಿದ್ದರೆ ಬೋರಾನ್ ತೊಳೆದುಹೋಗುತ್ತದೆ, ಹಾಗಾಗಿ ಇದು ಮನೆಯೊಳಗಿನ ಸಾಮಾನಿಗೆ ಮಾತ್ರ. ಮರದ ಸಂರಕ್ಷಣೆ, ಮರ ಯಾವುದೆಂದು ಗುರುತಿಸುವುದು ಇಂಥವಕ್ಕೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ತೇಗವೆಂದು ದೊಡ್ಡ ಮೊತ್ತ ಕೊಡುವವರು ಒಂದು ತುಂಡನ್ನು ಅಲ್ಲಿ ಪರೀಕ್ಷೆ ಮಾಡಿಸುವುದು ಜಾಣತನ.

ಕಪಾಟಿನ ಬಾಗಿಲಿಗೆ ಚೌಕಟ್ಟು, ನಡುವೆ ತೆಳು ಹಲಗೆ. ಆ ಹಲಗೆಗೆ ಅಂಟಿಲ್ಲ, ಸುತ್ತಲ ಗಾಡಿಯಲ್ಲಿ ಸುಮ್ಮನೆ ಕೂತಿದೆ. ಇಲ್ಲಿ ಆಚಾರಿಯ ಒಂದು ಸಣ್ಣ ಉಪಾಯ ನನಗೆ ಬಹಳ ಹಿಡಿಸಿತು: ಚೌಕಟ್ಟಿಗೆ ಸೇರಿಸುವ ಮೊದಲೇ ಹಲಗೆಗೆ ಅಂಚಿನ ತನಕ ಪಾಲಿಶ್ ಮಾಡಿಬಿಟ್ಟರು. ಸೇರಿಸಿದ ಮೇಲೆ ಮಾಡಿದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಗಾಡಿಯೊಳಗಿಂದ ಪಾಲಿಶ್ ಕಾಣದ ಬಿಳಿ ಗೆರೆ ಹೊರಗೆ ಬರುತ್ತದೆ. ಅಂಗಡಿ ಬಾಗಿಲುಗಳಲ್ಲಿ ಆ ಗೆರೆಯನ್ನು ಎಷ್ಟು ಕಡೆ ನೋಡಿದ್ದೆನೋ, ಕಾರಣ ತಿಳಿದಿರಲಿಲ್ಲ.

ಪಾಲಿಶ್ ವಿಷಯಕ್ಕೆ ಬರುತ್ತೇನೆ. ಪಾಲಿಶ್ ಮಾಡುವವರು ಬಂದು ಕೇಳಿದ್ದು ಒಂದೇ ಮಾತು, "ಮೆಲಮೈನಾ, ಪಿಯುನಾ?" ಮೆಲಮೈನ್, ಪಿಯು (ಪಾಲಿಯುರೆಥೇನ್) ಎಂಬ ಈ ಎರಡು ಪಾಲಿಶ್‌ಗಳಾಚೆಗೆ ಲೋಕವೇ ಇಲ್ಲವೆಂಬಂತೆ. ನಾನು ಉಳಿದ ಹಲಸಿನ ತುಂಡುಗಳನ್ನು ಉಪ್ಪು ಕಾಗದದಲ್ಲಿ 80, 120, 180ರ ತನಕ ಉಜ್ಜಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎದ್ದ ನಾರನ್ನು ಮತ್ತೆ ಉಜ್ಜಿ ತೆಗೆದು, ಒಂದೊಂದಕ್ಕೆ ಒಂದೊಂದು ಬಳಿಸಿದೆ: ಅರಗು ಕರಗಿಸಿದ ಫ್ರೆಂಚ್ ಪಾಲಿಶ್, ಅಗಸೆ ಎಣ್ಣೆಯ ಮೇಲೆ ಜೇನುಮೇಣ, ತೆಳು ಮಾಡಿ ಒರೆಸಿದ ವಾರ್ನಿಷ್, ಪಿಯು. ಒಣಗಿ ಗಟ್ಟಿಯಾದ ಮೇಲೆ ನಮ್ಮ ಮನೆಯ ಊಟವನ್ನೇ ಅವುಗಳ ಮೇಲೆ ಬಡಿಸಿದೆ. ಬಿಸಿ ಕಾಫಿ ಲೋಟ, ಅರಿಶಿನದ ಸಾರು, ಮಜ್ಜಿಗೆ, ಪಂದಿಕರಿಗೆ (ಹಂದಿ ಮಾಂಸದ ಸಾರು) ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿ. ರಾತ್ರಿಯಿಡೀ ಹಾಗೇ ಬಿಟ್ಟೆ.

ಅರಗಿನ ಮೇಲೆ ಲೋಟದ ಬಿಳಿ ಉಂಗುರ ಮೂಡಿತು. ಎಣ್ಣೆ-ಮೇಣದ ತುಂಡು ಅರಿಶಿನವನ್ನು ಕುಡಿದುಬಿಟ್ಟಿತ್ತು, ಆದರೆ ಹಲಸಿನ ಹಳದಿಯಲ್ಲಿ ಅದು ಅಷ್ಟಾಗಿ ಕಾಣಲಿಲ್ಲ ಎನ್ನಿ. ವಾರ್ನಿಷ್ ತಡೆದುಕೊಂಡಿತು. ಪಿಯು ಯಾವುದಕ್ಕೂ ಜಗ್ಗಲಿಲ್ಲ. ಹಾಗಾದರೆ ಪಿಯು ಏಕೆ ಬೇಡ? ಅದು ಮರದ ಮೇಲೆ ದಪ್ಪ ಪೊರೆಯಾಗಿ ಕೂರುತ್ತದೆ. ಮಕ್ಕಳು ಫೋರ್ಕಿನಲ್ಲಿ ಗೀರಿದರೆ, ಅಂಚಿನಲ್ಲಿ ನೀರು ಒಳಗಿಳಿದು ಪೊರೆ ಎದ್ದರೆ, ಆ ಜಾಗಕ್ಕೆ ಮಾತ್ರ ತೇಪೆ ಹಾಕಲು ಬರುವುದಿಲ್ಲ. ಇಡೀ ಮೇಲ್ಮೈ ಉಜ್ಜಿ ತೆಗೆದು ಹೊಸದಾಗಿ ಹೊಡೆಸಬೇಕು. ಹೋಟೆಲಿಗೆ, ಹೋಂಸ್ಟೇಗೆ ಪಿಯು ಸರಿ. ಮನೆಗೆ ನಾವೇ ಒಂದು ಬಟ್ಟೆ ಹಿಡಿದು ರಿಪೇರಿ ಮಾಡಿಕೊಳ್ಳಬಹುದಾದದ್ದು ಬೇಕು ಎಂದು ನನಗೆ ಖಚಿತವಾಯಿತು.

ಹಾಗಾಗಿ ಮೇಲ್ಮೈಗೆ ವಾರ್ನಿಷ್: ಟರ್ಪೆಂಟೈನ್ ಬೆರೆಸಿ ತೆಳು ಮಾಡಿ, ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ನವಿರಾಗಿ ಉಜ್ಜಿ, ಮತ್ತೆ ಒರೆಸಿ, ಹೀಗೆ ಪದರದ ಮೇಲೆ ಪದರ. ಕಣ್ಣಿಗೆ ಕಾಣದ ಅಡಿಭಾಗಕ್ಕೂ ಅಷ್ಟೇ ಪದರ. ಅಡಿಗೆ ಏಕೆ ದುಡ್ಡು ದಂಡ ಎಂದು ಪಾಲಿಶ್‌ನವರು ಕೇಳಿದರು. ಒಂದು ಮುಖ ಮುಚ್ಚಿ ಇನ್ನೊಂದು ಮುಖ ಬಿಟ್ಟರೆ ತೆರೆದ ಮುಖವೇ ಮಳೆಗಾಲದ ನೀರನ್ನೆಲ್ಲ ಕುಡಿದು ಹಲಗೆ ಬಾಗುತ್ತದೆ. ಬೆಂಚಿಗೆ, ಬೀಟೆಯ ಕಾಲಿಗೆ ಎಣ್ಣೆ ಮತ್ತು ಮೇಣ. ಜೇನು ಸಾಕುವವರ ಊರಿನಲ್ಲಿ ಮೇಣಕ್ಕೆ ಕಷ್ಟವಿಲ್ಲ. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿಯಿಟ್ಟು ಕರಗಿಸಬೇಕು, ನೇರ ಬೆಂಕಿಗೆ ಇಡಬಾರದು. ಮೇಣ 62–64 ಡಿಗ್ರಿಗೆ ಕರಗುತ್ತದೆ. ಒಲೆಯಿಂದ ದೂರ ತಂದು, ಅದಕ್ಕೆ ಟರ್ಪೆಂಟೈನ್ ಸೇರಿಸಿ ಬೆಣ್ಣೆ ಹದಕ್ಕೆ ತಂದರೆ ಮುಗಿಯಿತು.

ಎಣ್ಣೆಯ ಬಗ್ಗೆ ಎರಡು ಎಚ್ಚರಿಕೆ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ, ಹೊಳಪೂ ಬರುತ್ತದೆ. ಅದು ಎಂದೂ ಒಣಗುವ ಎಣ್ಣೆಯಲ್ಲ. ಧೂಳು ಹಿಡಿದು, ಮಳೆಗಾಲಕ್ಕೆ ಬೂಷ್ಟಿಗೆ ಔತಣ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಅದರಲ್ಲೂ ಬೇಗ ಒಣಗುವ ಬಾಯ್ಲ್ಡ್ ಎಣ್ಣೆಯೇ ಕೊಡಗಿಗೆ ತಕ್ಕದ್ದು. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಹೀಗೆ ಗಟ್ಟಿಯಾಗುವಾಗ ಎಣ್ಣೆ ಶಾಖ ಬಿಡುತ್ತದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮರದ ಪುಡಿಯ ಮೂಲೆಗೆ ಎಸೆದರೆ ಯಾರೂ ಕಡ್ಡಿ ಗೀರದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ತಂತಿಯ ಮೇಲೆ ಹರವಬೇಕು, ಇಲ್ಲವೇ ನೀರಿನ ಬಕೆಟ್ಟಿಗೆ ಹಾಕಬೇಕು. ಆ ಎಣ್ಣೆ ಬಟ್ಟೆ ಹಿಡಿದು ಕೆಲಸ ಮಾಡುವ ಎಲ್ಲರಿಗೂ ಇದು ಗೊತ್ತಿದೆ ಎಂದು ನಂಬಬೇಡಿ.

ಕಪಾಟಿಗೆ ಒಳಗೂ ಹೊರಗೂ ಅರಗು. ಕಪಾಟಿನೊಳಗೆ, ಡ್ರಾಯರಿನೊಳಗೆ ಎಣ್ಣೆ ಹಚ್ಚಿದರೆ ಗಾಳಿಯಾಡದ ಜಾಗದಲ್ಲಿ ಆ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ, ಸೀರೆಗೆಲ್ಲ ಹತ್ತುತ್ತದೆ. ಅರಗಿಗೆ ಒಣಗಿದ ಮೇಲೆ ವಾಸನೆಯಿಲ್ಲ. ಸ್ಪಿರಿಟ್ಟಿನಲ್ಲಿ ಹೊಸದಾಗಿ ನೆನೆಸಿ, ಸೋಸಿ, ಹತ್ತಿಯನ್ನು ಬಟ್ಟೆಯಲ್ಲಿ ಕಟ್ಟಿದ ಉಂಡೆಯಿಂದ ತೆಳುವಾಗಿ ಹಚ್ಚುತ್ತ ಹೋಗುವುದು. ನೆನೆಸಿಟ್ಟದ್ದು ಹಳತಾದರೆ ಅಂಟಂಟಾಗಿ ಉಳಿಯುತ್ತದೆ, ಹಾಗಾಗಿ ಬೇಕಾದಷ್ಟೇ ಮಾಡಿಸಿ. ಅರಗಿನ ಕೆಲಸವನ್ನು ಆಟಿ ತಿಂಗಳಲ್ಲಿ ಮುಟ್ಟಬಾರದು. ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಳಿಯುತ್ತದೆ, ಪಾಲಿಶ್ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಸುಗ್ಗಿಯ ಹಬ್ಬ ಪುತ್ತರಿ ಕಳೆದು ಆಕಾಶ ನೀಲಿಯಾದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿಸಿದರೆ ಪಾಲಿಶ್ ಕನ್ನಡಿ. ಆ ತಿಂಗಳುಗಳಲ್ಲಿ ಕಾಫಿ ಕೊಯ್ಲು, ಮನೆಯವರಿಗೆ ಪುರುಸೊತ್ತಿಲ್ಲ, ಪಾಲಿಶ್‌ನವರಿಗೂ ಮದುವೆ ಮನೆಗಳ ಕೆಲಸ. ಮೊದಲೇ ಮಾತಾಡಿಕೊಂಡಿರಬೇಕು.

ಸಾಮಾನು ಮನೆಯೊಳಗೆ ಬಂದ ಮೇಲಿನ ಆರೈಕೆ ಕಷ್ಟದ್ದೇನಲ್ಲ, ಎಚ್ಚರದ್ದು. ಹೊಸ ಹಲಸು ಮೊದಲ ತಿಂಗಳುಗಳಲ್ಲಿ ಬೆಳಕಿಗೆ ಕಪ್ಪಾಗುತ್ತ ಬರುತ್ತದೆ, ಆಗ ಒಂದೇ ಕಡೆ ಹೂದಾನಿ, ಮ್ಯಾಟು ಇಟ್ಟು ಮರೆತರೆ ಎತ್ತಿದಾಗ ಅಲ್ಲೊಂದು ಹಳದಿ ನಕ್ಷೆ. ಅದೂ ನಿಧಾನಕ್ಕೆ ಕೂಡಿಕೊಳ್ಳುತ್ತದೆ, ಗಾಬರಿ ಬೇಡ. ಕಪಾಟನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇವೆ. ಕಾಲುಗಳ ಕೆಳಗೆ ರಬ್ಬರ್ ಬಿಲ್ಲೆ, ನೆಲ ಒರೆಸಿದ ನೀರು ಕಾಲಿನ ತುದಿಯಿಂದ ಮೇಲಕ್ಕೆ ಹತ್ತದಿರಲಿ ಎಂದು. ಹಿಂದೆಲ್ಲ ಮಳೆಗಾಲದಲ್ಲಿ ಕಪಾಟಿನೊಳಗೆ ನಲವತ್ತು ವ್ಯಾಟಿನ ಬಲ್ಬು ಉರಿಸಿಡುತ್ತಿದ್ದರು. ಎಲ್‌ಇಡಿ ಬಂದ ಮೇಲೆ ಬೆಳಕಿದೆ, ಬಿಸಿಯಿಲ್ಲ, ಆ ಉಪಾಯ ಹೋಯಿತು. ಮಳೆ ಬಿಟ್ಟ ದಿನ ಬಾಗಿಲು ತೆರೆದಿಟ್ಟು ಫ್ಯಾನು ಹಾಕುತ್ತೇವೆ. ಬೂಷ್ಟು ಕಂಡರೆ ಮೊದಲು ಒಣಬಟ್ಟೆ, ಆಮೇಲೆ ನೀರು ಬೆರೆಸಿದ ವಿನೆಗರ್ ಚಿಮುಕಿಸಿ ಹಿಂಡಿದ ಬಟ್ಟೆ, ಕೂಡಲೇ ಮತ್ತೆ ಒಣಬಟ್ಟೆ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಬೂಷ್ಟಿನ ಜೊತೆ ಅರಗೂ ಎದ್ದುಬರುತ್ತದೆ, ಸ್ಯಾನಿಟೈಸರೂ ಸ್ಪಿರಿಟ್ಟೇ ಎಂಬುದು ನೆನಪಿರಲಿ. ಜನವರಿಯಲ್ಲಿ ಒಮ್ಮೆ ಬೆಂಚಿಗೆ ಮೇಣ ಹಚ್ಚಿ ಉಜ್ಜುವುದು ಮನೆಯ ಮಕ್ಕಳ ಕೆಲಸ. ಮೊದಲ ಮಳೆ ಬಿದ್ದ ಮೇಲೆ ಟಾರ್ಚ್ ಹಿಡಿದು ಕಾಲುಗಳ ಹಿಂಬದಿ, ಕಪಾಟಿನ ತಳ ನೋಡುವುದು ನನ್ನ ಕೆಲಸ. ಮಣ್ಣಿನ ಗೆರೆ ಕಂಡರೆ ಗೆದ್ದಲು, ಹಿಟ್ಟು ಕಂಡರೆ ಕುಟ್ಟೆ.

ಕಪಾಟಿನ ಎಡಬಾಗಿಲು ಜುಲೈನಲ್ಲಿ ಬಿಗಿಯಾಯಿತು. ಕೀಸುಳಿ ಹಿಡಿದು ಬನ್ನಿ ಎಂದು ಆಚಾರಿಗೆ ಫೋನ್ ಮಾಡಿದರೆ ಬರಲೇ ಇಲ್ಲ. "ಈಗ ಕೀಸಿದರೆ ಬೇಸಿಗೆಗೆ ಸಂದಿ ಬಿಡುತ್ತೆ ಅಕ್ಕಾ. ಅಂಚಿಗೆ ಮೇಣದಬತ್ತಿ ಉಜ್ಜಿ, ಕಾಯಿರಿ" ಎಂದರು. ನವೆಂಬರ್ ಕೊನೆಗೆ ಸಡಿಲವಾಯಿತು. ಈ ಮಳೆಗಾಲದಲ್ಲಿ ಮತ್ತೆ ಬಿಗಿಯಾಗಿದೆ, ಮೇಣದಬತ್ತಿಯ ತುಂಡು ಕಪಾಟಿನ ಮೇಲೆಯೇ ಇದೆ.